ಛತ್ರದ ನ್ಯೂಟ್ರಲ್: ಒಂದು ಜನರೇಟರ್ ಪ್ರಕರಣ

ಬೆಳಿಗ್ಗೆ 10:45ಕ್ಕೆ ಫೋನ್ ಬಂತು. ಬನಶಂಕರಿ ಕಡೆಯ ಒಂದು ಛತ್ರದ ಮ್ಯಾನೇಜರ್.

“ಸಾರ್, ಲೈನ್‌ಮನ್‌ಗಳು ಬಂದು ಗೇಟ್ ಹತ್ರ ನಿಂತಿದ್ದಾರೆ. ನಮ್ಮ ಡಿಜಿಯಿಂದ ಅವರ ಲೈನಿಗೆ ಕರೆಂಟ್ ಹೋಗ್ತಿದೆಯಂತೆ. ಆಫ್ ಮಾಡಿ ಅಂತಿದ್ದಾರೆ. ಹನ್ನೊಂದೂವರೆಗೆ ಮುಹೂರ್ತ ಸಾರ್, ಹೇಗೆ ಆಫ್ ಮಾಡೋದು?”

ಡಿಜಿ ಅಂದರೆ ಡೀಸೆಲ್ ಜನರೇಟರ್. ಫೋನ್ ಲೈನ್‌ಮನ್ ಕೈಗೆ ಕೊಡಿ ಅಂದೆ. ಆತ ಜಗಳದ ದನಿಯಲ್ಲಿ ಇರಲಿಲ್ಲ. ಆವತ್ತು ಆ ರಸ್ತೆಗೆ ಮೊದಲೇ ತಿಳಿಸಿದ್ದ ಶಟ್‌ಡೌನ್, ಹಳೇ ಎಲ್‌ಟಿ (ಕಡಿಮೆ ವೋಲ್ಟೇಜಿನ) ಕೇಬಲ್ ಬದಲಿಸುವ ಕೆಲಸ. ಟ್ರಾನ್ಸ್‌ಫಾರ್ಮರ್ ಹತ್ತಿರ ನಾಲ್ಕೂ ಕೋರ್, ಅಂದರೆ ಕರೆಂಟ್ ತರುವ ಮೂರು ಫೇಸ್ ಮತ್ತು ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್, ಬಿಚ್ಚಿದ್ದರು. ಕೈ ಹಾಕುವ ಮುಂಚೆ ಟೆಸ್ಟರ್ ಇಟ್ಟಿದ್ದಾರೆ. ಉರಿದಿದೆ.

“ನಾಲ್ಕರಲ್ಲೂ ಉರೀತಿದೆ ಸಾರ್. ಹುಡುಕಿಕೊಂಡು ಬಂದ್ವಿ, ಮೂಲ ನ್ಯೂಟ್ರಲ್ಲೇ. ಈ ರಸ್ತೆಯಲ್ಲಿ ಡಿಜಿ ಸದ್ದು ಕೇಳ್ತಿರೋದು ಈ ಛತ್ರದಲ್ಲಿ ಮಾತ್ರ. ನೀವು ಬರೋವರೆಗೂ ನಾವು ಕೈ ಇಡಲ್ಲ.”

ನನ್ನ ಎಲೆಕ್ಟ್ರಿಕಲ್ ಅಂಗಡಿ ಪದ್ಮನಾಭನಗರದಲ್ಲಿ. ಸ್ಕೂಟರಿನಲ್ಲಿ ಹತ್ತು ನಿಮಿಷ. ದಾರಿಯುದ್ದಕ್ಕೂ ಒಂದೇ ಯೋಚನೆ. ಚೇಂಜ್‌ಓವರ್ (ಬೆಸ್ಕಾಂನಿಂದ ಡಿಜಿಗೆ ಬದಲಿಸುವ ಸ್ವಿಚ್) ಇರುವ ಕಡೆ ಫೇಸ್ ಆಚೆ ಹೋಗಲು ಸಾಧ್ಯವಿಲ್ಲ. ನ್ಯೂಟ್ರಲ್ ಹೋಗಬಹುದು. ಆದರೆ ನ್ಯೂಟ್ರಲ್‌ಗೆ ಟೆಸ್ಟರ್ ಉರಿಸುವಷ್ಟು ವೋಲ್ಟೇಜ್ ಎಲ್ಲಿಂದ ಬಂತು?

ಮೀಟರ್ ಹೇಳಿದ್ದು

ಪ್ಯಾನೆಲ್ ಇರುವುದು ಊಟದ ಹಾಲ್‌ನ ಮೆಟ್ಟಿಲ ಕೆಳಗೆ. ಒಳಗೆ ತುಪ್ಪದ ವಾಸನೆ, ಪಕ್ಕದಲ್ಲಿ ಬಾಳೆಎಲೆ ಕಟ್ಟು. ಜನರೇಟರ್ 82.5 ಕೆವಿಎ, ಅಂದರೆ ಫುಲ್ ಲೋಡ್‌ಗೆ ಸುಮಾರು 115 ಆಂಪಿಯರ್. ಹಿಂದುಗಡೆ ಶೆಡ್ಡಿನಲ್ಲಿ ಓಡುತ್ತಿತ್ತು.

ಮೊದಲು ಎಲ್ಲರೂ ನೋಡುವುದನ್ನೇ ನೋಡಿದೆ. ಫೇಸ್‌ನಿಂದ ಫೇಸ್‌ಗೆ 410 ವೋಲ್ಟ್. ಪ್ರತಿ ಫೇಸ್‌ನಿಂದ ನ್ಯೂಟ್ರಲ್‌ಗೆ 237. ಎಲ್ಲ ಸರಿ. ಮೇಲೆ ಹಾಲ್‌ನಲ್ಲಿ ಫ್ಯಾನು, ಎಸಿ, ಮೈಕು ಎಲ್ಲ ಚೆನ್ನಾಗಿಯೇ ನಡೆಯುತ್ತಿದ್ದವು.

ಆಮೇಲೆ ಮೀಟರಿನ ಕಪ್ಪು ಕಡ್ಡಿಯನ್ನು ಅರ್ಥಿಂಗ್ ಬಸ್‌ಬಾರ್‌ಗೆ, ಅಂದರೆ ಭೂಮಿಗೆ ಸೇರಿದ ಲೋಹದ ಪಟ್ಟಿಗೆ, ಒತ್ತಿದೆ. ನ್ಯೂಟ್ರಲ್‌ನಿಂದ ಅರ್ಥ್‌ಗೆ 236 ವೋಲ್ಟ್. ಸರಿ ಇದ್ದಿದ್ದರೆ ಒಂದೆರಡು ವೋಲ್ಟ್ ಬರಬೇಕಿತ್ತು. ಆರ್ ಫೇಸ್‌ನಿಂದ ಅರ್ಥ್‌ಗೆ 2. ವೈ ಫೇಸ್‌ನಿಂದ 409. ಬಿ ಫೇಸ್‌ನಿಂದ 410.

ಈ ನಾಲ್ಕು ಅಂಕಿ ಒಟ್ಟಿಗೆ ಕಂಡರೆ ಬೇರೇನೂ ಯೋಚಿಸಬೇಕಿಲ್ಲ. ಜನರೇಟರಿನ ನ್ಯೂಟ್ರಲ್ ಎಲ್ಲೂ ಭೂಮಿಗೆ ಕಟ್ಟಿಲ್ಲ. ಹಾಗೆ ತೇಲುತ್ತಿರುವಾಗ ಎಲ್ಲೋ ಆರ್ ಫೇಸ್ ಹೋಗಿ ಅರ್ಥ್‌ಗೆ ಮುಟ್ಟಿದೆ. ಗೂಟಕ್ಕೆ ಕಟ್ಟದ ಹಸುವಿನ ಹಗ್ಗ ಯಾವುದೋ ಕಲ್ಲಿಗೆ ಸಿಕ್ಕಿಕೊಂಡ ಹಾಗೆ. ಆಗ ಆ ಕಲ್ಲೇ ಗೂಟ. ಇಲ್ಲಿ ಆರ್ ಫೇಸ್ ಭೂಮಿಯ ಮಟ್ಟಕ್ಕೆ ಇಳಿದು ಕೂತಿತ್ತು. ಭೂಮಿಯ ಮಟ್ಟದಲ್ಲಿ ಇರಬೇಕಾದ ನ್ಯೂಟ್ರಲ್ 236 ವೋಲ್ಟ್ ಮೇಲಕ್ಕೆ ಹೋಗಿತ್ತು. ಉಳಿದ ಎರಡು ಫೇಸ್ 400 ದಾಟಿದ್ದವು. ಪ್ಯಾನೆಲ್ ಬಾಗಿಲಲ್ಲಿದ್ದ, ವೋಲ್ಟೇಜ್ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್‌ನ ಮೂರು ಕಿಟಕಿಗಳಲ್ಲಿ ಎರಡು ಕೆಂಪಾಗಿದ್ದವು, ಅಂದರೆ ಕೆಟ್ಟಿದ್ದವು. ಯಾವ ಎರಡು ಅಂತ ಹೇಳಬೇಕಿಲ್ಲ, ಅಲ್ವಾ?

ಛತ್ರದ ನ್ಯೂಟ್ರಲ್ ಮತ್ತು ಬೆಸ್ಕಾಂ ನ್ಯೂಟ್ರಲ್ ಪ್ಯಾನೆಲ್ ಒಳಗೆ ಒಂದೇ ತಾಮ್ರದ ಪಟ್ಟಿಗೆ ಬೋಲ್ಟ್ ಆಗಿದ್ದವು. ಡಿಜಿ ಓಡುವಾಗಲೂ ಆ ಜೋಡಣೆ ಬಿಡುತ್ತಿರಲಿಲ್ಲ. ಹಾಗಾಗಿ 236 ವೋಲ್ಟ್ ನೇರವಾಗಿ ರಸ್ತೆಯ ಕೇಬಲ್‌ಗೆ ಹೋಗಿದೆ. ಅಲ್ಲಿಂದ ಅಕ್ಕಪಕ್ಕದ ಮನೆಗಳ ಫ್ರಿಜ್ಜು, ಬಲ್ಬುಗಳ ಮೂಲಕ ಸತ್ತ ಫೇಸ್‌ಗಳಿಗೂ ಹತ್ತಿದೆ. ಲೈನ್‌ಮನ್ ನಾಲ್ಕರಲ್ಲೂ ಉರೀತಿದೆ ಅಂದದ್ದು ಅದಕ್ಕೇ. ಟ್ರಾನ್ಸ್‌ಫಾರ್ಮರ್ ಕಡೆ ನ್ಯೂಟ್ರಲ್ ಬಿಚ್ಚದೇ ಇದ್ದಿದ್ದರೆ ಅಲ್ಲಿನ ಅರ್ಥಿಂಗ್ ಎಲ್ಲವನ್ನೂ ಕೆಳಗೆ ಹಿಡಿದಿಟ್ಟಿರುತ್ತಿತ್ತು. ಆವತ್ತು ಅದೂ ಇರಲಿಲ್ಲ.

ಆರ್ ಫೇಸ್ ಎಲ್ಲಿ ಮುಟ್ಟಿದೆ ಅಂತ ಹುಡುಕಲು ಎರಡು ನಿಮಿಷ ಸಾಕಾಯಿತು. ಮದುವೆ ಮನೆಯಲ್ಲಿ ನೀರು ಮತ್ತು ಕರೆಂಟು ಒಟ್ಟಿಗೆ ಇರುವ ಜಾಗ ಅಡುಗೆಮನೆ. ಅಡುಗೆಮನೆ ಫೀಡರ್ ಇಳಿಸಿದೆ. 236 ಇದ್ದದ್ದು ಹತ್ತು ಹನ್ನೊಂದಕ್ಕೆ ಬಿದ್ದು ಅತ್ತಿತ್ತ ಓಲಾಡತೊಡಗಿತು. ಒಳಗಿನಿಂದ ಭಟ್ಟರು ಕೂಗಿದರು, “ಯಾರ್ರೀ ಅದು, ಚಟ್ನಿ ಅರ್ಧಕ್ಕೆ ನಿಂತಿದೆ!”

ಅವರದೇ ಟಿಲ್ಟಿಂಗ್ ಗ್ರೈಂಡರ್. ಅಡುಗೆ ಕಾಂಟ್ರ್ಯಾಕ್ಟರ್ ವ್ಯಾನಿನಲ್ಲಿ ಊರೆಲ್ಲ ಸುತ್ತುವ ಯಂತ್ರ. ಕೇಬಲ್ ಒಳಗೆ ಹೋಗುವ ತೂತಿನಲ್ಲಿ ರಬ್ಬರ್ ಬುಷ್ ಇರಲಿಲ್ಲ. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಕೆಂಪು ವೈರಿನ ಸಿಪ್ಪೆ ಹೋಗಿ, ತಾಮ್ರ ಬಾಡಿಗೆ ತಾಗಿತ್ತು. ಮೂರು ಪಿನ್ನಿನ ಪ್ಲಗ್ಗು ಸರಿಯಿತ್ತು, ಅರ್ಥ್ ವೈರ್ ಗಟ್ಟಿಯಿತ್ತು. ಆದ್ದರಿಂದ ಬಾಡಿ ಭೂಮಿಯ ಮಟ್ಟದಲ್ಲೇ ಇತ್ತು. ಭಟ್ಟರಿಗೆ ಒಂದು ಚಿಟುಕು ಶಾಕ್ ಕೂಡ ಹೊಡೆದಿರಲಿಲ್ಲ. ತಪ್ಪು ಅಡುಗೆಮನೆಯಲ್ಲಿ. ಸಾಯಬಹುದಾಗಿದ್ದವನು 90 ಮೀಟರ್ ದೂರದ ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತವನು.

11:10ಕ್ಕೆ ಡಿಜಿ ನಿಲ್ಲಿಸಿದೆ. ಹಾಲ್ ಕತ್ತಲಾಯಿತು. ಓಲಗದವರಿಗೆ ಕರೆಂಟ್ ಬೇಡವಲ್ಲ, ಅವರು ನಿಲ್ಲಿಸಲಿಲ್ಲ. ಪ್ಯಾನೆಲ್‌ನಲ್ಲಿ ಬೆಸ್ಕಾಂ ಕಡೆಯ ನ್ಯೂಟ್ರಲ್ ಲಿಂಕ್ ಬಿಚ್ಚಿದೆ. ಶೆಡ್ಡಿಗೆ ಹೋಗಿ, ಡಿಜಿಯಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ಟರ್ಮಿನಲ್ ಬಾಕ್ಸ್ ತೆಗೆದೆ. ಅಲ್ಲಿ ಅರ್ಥಿಂಗ್‌ಗೆ ಹೋಗುವ ತಾಮ್ರದ ಪಟ್ಟಿಯೊಂದು ಸುಮ್ನೆ ನೇತಾಡುತ್ತಿತ್ತು. ತುದಿಗೆ ಅಚ್ಚುಕಟ್ಟಾಗಿ ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಕಿತ್ತು, ಪಟ್ಟಿಯನ್ನು ಸ್ಟಾರ್ ಪಾಯಿಂಟ್‌ಗೆ (ಮೂರು ಫೇಸ್‌ನ ಸುರುಳಿಗಳು ಸೇರಿ ನ್ಯೂಟ್ರಲ್ ಹೊರಡುವ ಜಾಗ) ಬಿಗಿದು, ಲೈನ್‌ಮನ್‌ಗೆ ಹೇಳಿ, ಡಿಜಿ ಶುರು ಮಾಡಿದೆ. ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ವೋಲ್ಟೂ ಇಲ್ಲ. ರಸ್ತೆಯ ಕೇಬಲ್‌ನಲ್ಲಿ ಟೆಸ್ಟರ್ ಆರಿತು. ಗಟ್ಟಿಮೇಳ ಕೇಳಿದಾಗ ನಾನಿನ್ನೂ ಶೆಡ್ಡಿನಲ್ಲೇ ಇದ್ದೆ.

ಟೇಪ್ ಸುತ್ತಿದವರು ಯಾರು

ಬೋಲ್ಟ್ ತಾನಾಗಿ ಸಡಿಲಾಗಿ ಬಿದ್ದಿದ್ದರೆ ತುದಿಗೆ ಟೇಪ್ ಇರುವುದಿಲ್ಲ. ಯಾರೋ ಬೇಕೆಂದೇ ಬಿಚ್ಚಿದ್ದಾರೆ. ಯಾಕೆ? ಮಧ್ಯಾಹ್ನ ಊಟ ಆದ ಮೇಲೆ ಮ್ಯಾನೇಜರನ್ನೂ ಡಿಜಿ ನೋಡಿಕೊಳ್ಳುವ ಅಣ್ಣನನ್ನೂ ಕೂರಿಸಿಕೊಂಡು ಕೇಳಿದೆ. ಕಥೆ ತುಂಡು ತುಂಡಾಗಿ ಬಂತು.

ಎರಡು ವರ್ಷದ ಹಿಂದಿನವರೆಗೆ ಅಲ್ಲಿ ಕೈಯಲ್ಲಿ ತಿರುಗಿಸುವ ದೊಡ್ಡ ಚೇಂಜ್‌ಓವರ್ ಇತ್ತು. ನಾಲ್ಕು ಪೋಲ್‌ನದು. ಹಿಡಿ ಆ ಕಡೆ ಎಳೆದರೆ ಮೂರು ಫೇಸ್‌ನ ಜೊತೆ ನ್ಯೂಟ್ರಲ್ಲೂ ಬೆಸ್ಕಾಂನಿಂದ ಬಿಟ್ಟು ಡಿಜಿಗೆ ಹೋಗುತ್ತಿತ್ತು. ಕರೆಂಟ್ ಹೋದಾಗಲೆಲ್ಲ ಅಣ್ಣ ಓಡಬೇಕಿತ್ತು. ಅದು ಬೇಡ, ಆಟೋಮ್ಯಾಟಿಕ್ ಹಾಕಿಸೋಣ ಎಂದು ಯಜಮಾನರು ಹೊಸ ಪ್ಯಾನೆಲ್ ಮಾಡಿಸಿದರು. ಕೊಟೇಶನ್ ಕಾಗದ ತೋರಿಸಿದರು. ಅದರಲ್ಲಿ ‘ಟಿಪಿಎನ್’ ಎಂದಿತ್ತು.

ಇಲ್ಲೇ ಎಡವಿದ್ದು. ಟಿಪಿಎನ್ ಅಂದರೆ ಮೂರು ಪೋಲ್ ಮತ್ತು ನ್ಯೂಟ್ರಲ್. ಓದಿದವರಿಗೆ ನಾಲ್ಕೂ ಬದಲಾಗುತ್ತದೆ ಎಂದೇ ಅನ್ನಿಸುತ್ತದೆ. ಆದರೆ ಅದರಲ್ಲಿ ನ್ಯೂಟ್ರಲ್ ಒಂದು ಲಿಂಕ್ ಅಷ್ಟೇ. ತೆರೆಯುವುದಿಲ್ಲ, ಮುಚ್ಚುವುದಿಲ್ಲ. ನಾಲ್ಕೂ ಬದಲಾಗಬೇಕಿದ್ದರೆ ‘ಫೋರ್ ಪೋಲ್’ ಎಂದು ಬರೆದಿರಬೇಕು. ಬೆಲೆಯೂ ಜಾಸ್ತಿ.

ಹೊಸ ಪ್ಯಾನೆಲ್ ಬಂದ ಮೇಲೆ ವಿಚಿತ್ರ ತೊಂದರೆ ಶುರುವಾಯಿತು. ಆರತಕ್ಷತೆಯ ಹೊತ್ತಿಗೇ ಕರೆಂಟ್ ಹೋಗುವುದು. ಹತ್ತು ಸೆಕೆಂಡ್ ಕತ್ತಲು, ಆಮೇಲೆ ಡಿಜಿ. ಮ್ಯಾನೇಜರ್ ಎಷ್ಟೋ ಸಲ ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿದ್ದಾರೆ. ಅಲ್ಲಿಂದ ಪ್ರತಿ ಸಲವೂ ಒಂದೇ ಉತ್ತರ, ನಿಮ್ಮ ರಸ್ತೆಯಲ್ಲಿ ಕರೆಂಟ್ ಇದೆ. ಎದುರಿನ ಬೇಕರಿಯಲ್ಲಿ ಲೈಟು ಉರಿಯುತ್ತಿರುವುದು ಇವರಿಗೂ ಕಾಣುತ್ತಿತ್ತು. ಆದರೂ ಡಿಜಿ ಬಂತಲ್ಲ, ಮದುವೆ ನಡೆಯಿತಲ್ಲ. ತಿಂಗಳ ಕೊನೆಗೆ ಡೀಸೆಲ್ ಲೆಕ್ಕ ನೋಡಿದಾಗ ಮಾತ್ರ ಎದೆ ಧಸಕ್ ಅನ್ನುತ್ತಿತ್ತು. ಅರ್ಧ ಲೋಡ್‌ನಲ್ಲಿ ಈ ಗಾತ್ರದ ಡಿಜಿ ಗಂಟೆಗೆ 9–10 ಲೀಟರ್ ಕುಡಿಯುತ್ತದೆ.

ಆಗ ಅಣ್ಣ ಮೆಲ್ಲಗೆ ಹೇಳಿದ, “ಸಾರ್, ಕರೆಂಟ್ ಹೋಗ್ತಿರಲಿಲ್ಲ. ಆ ಡಬ್ಬಿಯಲ್ಲಿ ಕೆಂಪು ಲೈಟ್ ಬಂದು ಮೇನ್ ಬೀಳ್ತಿತ್ತು. ಎರಡು ಸಲ ಎತ್ತಿ ನೋಡ್ತಿದ್ದೆ, ನಿಲ್ತಿರಲಿಲ್ಲ. ರಾತ್ರಿ ಡೆಕೋರೇಶನ್ ಆರಿಸಿದ ಮೇಲೆ ಎತ್ತಿದ್ರೆ ನಿಲ್ತಿತ್ತು.”

ಆ ಡಬ್ಬಿ ಅರ್ಥ್ ಲೀಕೇಜ್ ರಿಲೇ, ಕರೆಂಟ್ ಭೂಮಿಗೆ ಸೋರಿದರೆ ಹಿಡಿಯುವ ಸಾಧನ. ಬೆಸ್ಕಾಂ ಸಪ್ಲೈ ಒಳಬರುವ ಇನ್‌ಕಮರ್ ಮೇಲೆ, 300 ಮಿಲಿ ಆಂಪಿಯರ್‌ಗೆ ಸೆಟ್ ಆಗಿತ್ತು. ಅದು ಬಿದ್ದರೆ ಮೇನ್ ಬ್ರೇಕರ್ ಬೀಳುತ್ತದೆ. ಆಟೋಮ್ಯಾಟಿಕ್ ಪ್ಯಾನೆಲ್‌ಗೆ ಬೆಸ್ಕಾಂ ಹೋಯಿತೆಂದೇ ಲೆಕ್ಕ. ಡಿಜಿ ಎಬ್ಬಿಸುತ್ತದೆ. ಮೂರು ನಾಲ್ಕು ತಿಂಗಳು ಯಾರೂ ಇದನ್ನು ಟ್ರಿಪ್ ಎಂದು ಗುರುತಿಸಲಿಲ್ಲ. ಆಟೋಮ್ಯಾಟಿಕ್‌ನ ತೊಂದರೆಯೇ ಇದು. ರೋಗ ಬಂದದ್ದೇ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತದೆ.

ಕೊನೆಗೆ ಒಬ್ಬ ಎಲೆಕ್ಟ್ರಿಷಿಯನ್ ಬಂದ. ಲೋಡ್‌ಗಳನ್ನೆಲ್ಲ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ ನೋಡಿದ. ಎಲ್ಲ ಚೆನ್ನಾಗಿದೆ. ಡಿಜಿ ಮೇಲೆ ಓಡಿಸಿದ. ಟ್ರಿಪ್ ಇಲ್ಲ. ಡಿಜಿ ಕಡೆ ಲೀಕೇಜ್ ರಿಲೇಯೇ ಇರಲಿಲ್ಲ, ಏನು ಟ್ರಿಪ್ ಆಗಬೇಕು ಹೇಳಿ. ಆದರೆ ಆತ ದಡ್ಡನಲ್ಲ. ಹುಡುಕುತ್ತಾ ಹೋಗಿ ಡಿಜಿಯ ನ್ಯೂಟ್ರಲ್ ಅರ್ಥಿಂಗ್ ಪಟ್ಟಿ ಬಿಚ್ಚಿ ನೋಡಿದ್ದಾನೆ. ಟ್ರಿಪ್ ನಿಂತುಹೋಯಿತು! ಟೇಪ್ ಸುತ್ತಿ, ದುಡ್ಡು ಇಸಕೊಂಡು ಹೋದ. ಡೀಸೆಲ್ ಖರ್ಚು ಇಳಿಯಿತು. ಯಜಮಾನರು ಖುಷಿಯಾಗಿದ್ದರು. ಒಂದೂವರೆ ವರ್ಷ ಎಲ್ಲ ನೆಮ್ಮದಿ, ಈ ಶಟ್‌ಡೌನ್ ದಿನದವರೆಗೆ.

ಎಂಜಿನ್ ತಣ್ಣಗಿದೆ, ಪಟ್ಟಿಯಲ್ಲಿ ಕರೆಂಟ್ ಇದೆ

ಸಂಜೆ ಅದೇ ಮದುವೆಯ ಆರತಕ್ಷತೆ. ಐದು ಗಂಟೆ ದಾಟಿ ಬೆಸ್ಕಾಂ ಸಪ್ಲೈ ಬಂದಿತ್ತು. ಅಷ್ಟರಲ್ಲಿ ಯಜಮಾನರು ಪ್ಯಾನೆಲ್ ಮಾಡಿದವರಿಗೆ ಫೋನ್ ಮಾಡಿ ಕೇಳಿದ್ದರು. ಅವರ ಪ್ರಕಾರ ಪ್ಯಾನೆಲ್ ಸರಿ, ಡಿಜಿ ಅರ್ಥಿಂಗ್ ತೆಗೆದದ್ದೂ ಸರಿ. ಡಿಜಿ ಹಾಕಿದವರಿಗೂ ಕೇಳಿದ್ದರು. ಅವರ ಪ್ರಕಾರ ನ್ಯೂಟ್ರಲ್ ಅರ್ಥಿಂಗ್ ತೆಗೆಯಲೇಬಾರದು. ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಪ್ಯಾನೆಲ್ ರೂಮಿಗೇ ಬಂದರು. “ಏನಪ್ಪಾ, ಇಬ್ಬರೂ ತಮ್ಮದೇ ಸರಿ ಅಂತಾರೆ. ನಾನು ಯಾರ ಮಾತು ಕೇಳಲಿ?”

ಇಬ್ಬರೂ ಹೇಳಿದ್ದು ಸರಿಯೇ, ಅದೇ ತೊಂದರೆ. ಬಾಯಲ್ಲಿ ಹೇಳಿದರೆ ಮೂರನೆಯವನ ಮಾತಾಗುತ್ತದೆ. ತೋರಿಸುವುದೇ ವಾಸಿ ಅನ್ನಿಸಿತು.

ಬಿಚ್ಚಿದ್ದ ನ್ಯೂಟ್ರಲ್ ಲಿಂಕ್ ಮತ್ತೆ ಹಾಕಿದೆ. ಡಿಜಿ ಅರ್ಥಿಂಗ್ ಪಟ್ಟಿ ಬೆಳಿಗ್ಗೆ ಜೋಡಿಸಿದ ಹಾಗೇ ಬಿಟ್ಟೆ. ಅಂದರೆ ಹೊಸ ಪ್ಯಾನೆಲ್ ಬಂದ ಮೊದಲ ದಿನ ಇದ್ದ ಸ್ಥಿತಿಯೇ. ರಿಲೇಯನ್ನು ಸ್ವಲ್ಪ ಹೊತ್ತಿಗೆಂದು 1 ಆಂಪಿಯರ್‌ಗೆ ಏರಿಸಿ, ಪಕ್ಕದಲ್ಲೇ ನಿಂತೆ. ಡಿಜಿ ಆಫ್, ಕೀಲಿ ನನ್ನ ಜೇಬಿನಲ್ಲಿ. ಲೀಕೇಜ್ ನೋಡುವ ಸಣ್ಣ ಟಾಂಗ್ ಟೆಸ್ಟರನ್ನು ಆ ಪಟ್ಟಿಗೆ ಹಾಕಿ ಯಜಮಾನರ ಕೈಗೇ ಕೊಟ್ಟೆ.

ಹಾಲ್‌ನಲ್ಲಿ ನಾಲ್ಕು ಲೈಟು ಮಾತ್ರ ಇದ್ದಾಗ 0.1 ಆಂಪಿಯರ್. ಏಳೂವರೆಗೆ ಸ್ಟೇಜ್ ಡೆಕೋರೇಶನ್, ಸೀರಿಯಲ್ ಸೆಟ್, ಎಲ್‌ಇಡಿ ಗೋಡೆ ಒಂದೊಂದಾಗಿ ಹತ್ತಿದವು. 0.3. 0.5. ಎಲ್ಲ ಹತ್ತಿದ ಮೇಲೆ 0.74ರಲ್ಲಿ ನಿಂತಿತು. ಯಜಮಾನರು ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು. “ಇದು ಓಡ್ತಾನೇ ಇಲ್ವಲ್ಲೋ!”

ಹೌದು. ಅದು ಡಿಜಿಯ ಕರೆಂಟೇ ಅಲ್ಲ. ಬೆಸ್ಕಾಂನಿಂದ ಬಂದು, ಸ್ಟೇಜ್ ಲೈಟುಗಳಲ್ಲಿ ಕೆಲಸ ಮುಗಿಸಿ, ವಾಪಸ್ ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತಿರುವ ಕರೆಂಟ್. ವಾಪಸ್ ಹೋಗಲು ಅದಕ್ಕೆ ಎರಡು ದಾರಿ ಸಿಕ್ಕಿದೆ. ಒಂದು, ಕೇಬಲ್‌ನ ನ್ಯೂಟ್ರಲ್ ಕೋರ್. ಇನ್ನೊಂದು, ಪ್ಯಾನೆಲ್‌ನ ಲಿಂಕ್ ಹಿಡಿದು ಡಿಜಿಯ ಸ್ಟಾರ್ ಪಾಯಿಂಟ್, ಅಲ್ಲಿಂದ ಪಟ್ಟಿ, ಛತ್ರದ ಅರ್ಥ್ ಪಿಟ್ (ಅರ್ಥಿಂಗ್ ಹೂತಿಟ್ಟ ಗುಂಡಿ), ಮಣ್ಣು, ಟ್ರಾನ್ಸ್‌ಫಾರ್ಮರ್‌ನ ಅರ್ಥ್ ಪಿಟ್.

ಲೆಕ್ಕ ಕೂಡ ಹೊಂದುತ್ತದೆ. ಆ ಹೊತ್ತಿನಲ್ಲಿ ಫೇಸ್‌ಗಳು 62, 41, 35 ಆಂಪಿಯರ್. ನ್ಯೂಟ್ರಲ್‌ನಲ್ಲಿ 46. ಬರೀ ಅಸಮತೋಲನಕ್ಕೆ 25ರಷ್ಟು ಬರಬೇಕಿತ್ತು. ಉಳಿದದ್ದು ಅಗ್ಗದ ಎಲ್‌ಇಡಿಗಳ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಆವರ್ತನದ ಕರೆಂಟ್), ಅದು ಮೂರೂ ಫೇಸ್‌ನಿಂದ ಬಂದು ನ್ಯೂಟ್ರಲ್‌ನಲ್ಲಿ ಒಂದರ ಮೇಲೊಂದು ಕೂಡುತ್ತದೆ. 90 ಮೀಟರ್ ಉದ್ದದ 50 ಸ್ಕ್ವೇರ್ (ಚದರ ಮಿ.ಮೀ.) ಅಲ್ಯೂಮಿನಿಯಂ ಕೋರ್‌ನಲ್ಲಿ 46 ಆಂಪಿಯರ್ ಹರಿದರೆ ಸುಮಾರು 2.6 ವೋಲ್ಟ್ ಬೀಳುತ್ತದೆ. ಮಣ್ಣಿನ ದಾರಿಗೆ ಎರಡೂ ಕಡೆಯ ಪಿಟ್ ಸೇರಿ ಸುಮಾರು ಮೂರೂವರೆ ಓಮ್. ಭಾಗಿಸಿದರೆ 0.74ರ ಹತ್ತಿರವೇ. ನೆಲದ ಮೂಲಕ ಹೋದದ್ದು ನೂರಕ್ಕೆ ಎರಡು ಪಾಲೂ ಅಲ್ಲ. ಆದರೆ 0.3ಕ್ಕೆ ಸೆಟ್ ಮಾಡಿದ ರಿಲೇಗೆ ಅಷ್ಟು ಧಾರಾಳವಾಯಿತು. ಹೋದ ಕರೆಂಟೆಲ್ಲ ತನ್ನ ರಿಂಗ್ ಮೂಲಕವೇ ವಾಪಸ್ ಬಂತೇ ಎಂದು ಅದು ಎಣಿಸುತ್ತದೆ. 0.74 ಕಡಿಮೆ ಬಿದ್ದರೆ ಯಾರಿಗೋ ಶಾಕ್ ಹೊಡೆಯುತ್ತಿದೆ ಎಂದುಕೊಳ್ಳುತ್ತದೆ. ಪಾಪ, ಅದರ ಕೆಲಸ ಅದು ಮಾಡಿದೆ.

ಅಲಂಕಾರದ ಲೈಟು ಹತ್ತಿದಾಗಲೇ ಬೀಳುತ್ತಿದ್ದದ್ದು, ಆರಿಸಿದ ಮೇಲೆ ನಿಲ್ಲುತ್ತಿದ್ದದ್ದು ಎರಡೂ ಈಗ ಯಜಮಾನರಿಗೆ ಅರ್ಥವಾಯಿತು. ರಿಲೇಯನ್ನು ಮತ್ತೆ 0.3ಕ್ಕೆ ಇಳಿಸಿದೆ. ನೋಡುತ್ತಿದ್ದ ಹಾಗೇ ಟಪ್ ಎಂದು ಬಿತ್ತು. ಮೇಲೆ ಜನ ‘ಓ’ ಎಂದರು. ಅದೊಂದು ಎಡವಟ್ಟು ನನ್ನದು, ಮೊದಲು ಪಟ್ಟಿ ಬಿಚ್ಚಿ ಆಮೇಲೆ ಇಳಿಸಬೇಕಿತ್ತು. ಆ ರಾತ್ರಿ ಪಟ್ಟಿ ಬಿಚ್ಚಿಟ್ಟು ಬೆಸ್ಕಾಂನಲ್ಲೇ ನಡೆಸಿದೆವು. ಡಿಜಿಯನ್ನು ಆಟೋದಿಂದ ತೆಗೆದು, ಬೇಕಾದರೆ ಲಿಂಕ್ ಬಿಚ್ಚಿ, ಪಟ್ಟಿ ಹಾಕಿಯೇ ಓಡಿಸು ಎಂದು ನಮ್ಮ ಹುಡುಗನನ್ನು ಕೂರಿಸಿ ಬಂದೆ.

ಎರಡು ಸರಿ ಸೇರಿ ಒಂದು ತಪ್ಪು

ನ್ಯೂಟ್ರಲ್‌ಗೆ ಯಾವ ಹೊತ್ತಿನಲ್ಲೂ ಒಂದೇ ಸಪ್ಲೈನ ಗೂಟ, ಅಂದರೆ ಅರ್ಥಿಂಗ್, ಇರಬೇಕು. ಎರಡು ಸಪ್ಲೈನ ಗೂಟ ಒಟ್ಟಿಗೆ ಸೇರಬಾರದು, ಯಾವುದೂ ಇಲ್ಲದೆಯೂ ಇರಬಾರದು. ಹಾಗಾಗಿ ಚೇಂಜ್‌ಓವರ್‌ಗೆ ಮೂರು ಪೋಲೋ ನಾಲ್ಕು ಪೋಲೋ ಅನ್ನುವುದೂ, ಡಿಜಿ ನ್ಯೂಟ್ರಲ್‌ಗೆ ಅರ್ಥಿಂಗ್ ಕೊಡಬೇಕೋ ಬೇಡವೋ ಅನ್ನುವುದೂ ಬೇರೆ ಬೇರೆ ಪ್ರಶ್ನೆಗಳಲ್ಲ. ಈ ಛತ್ರದಲ್ಲಿ ಒಂದನ್ನು ಪ್ಯಾನೆಲ್‌ನವರು ತೀರ್ಮಾನಿಸಿದರು, ಇನ್ನೊಂದನ್ನು ಡಿಜಿಯವರು. ಒಬ್ಬರಿಗೊಬ್ಬರು ಮುಖ ನೋಡಿದ್ದೂ ಇಲ್ಲ.

ಡಿಜಿಯವರು ಮಾಡಿದ್ದು ನಿಯಮದ ಪ್ರಕಾರವೇ. ಸಿಇಎ (ಕೇಂದ್ರ ವಿದ್ಯುತ್ ಪ್ರಾಧಿಕಾರ) ಸುರಕ್ಷತಾ ನಿಯಮಗಳು, 2010ರವೂ ಅವುಗಳ ಜಾಗಕ್ಕೆ ಬಂದ 2023ರವೂ, ಮೂರು ಫೇಸ್ ನಾಲ್ಕು ವೈರ್ ವ್ಯವಸ್ಥೆಯ ನ್ಯೂಟ್ರಲ್‌ಗೆ ಎರಡು ಪ್ರತ್ಯೇಕ ಅರ್ಥಿಂಗ್ ಕೇಳುತ್ತವೆ. ಅರ್ಥಿಂಗ್‌ಗೆ ನಾವೆಲ್ಲ ನೋಡುವುದು ಐಎಸ್ 3043 ಎಂಬ ಭಾರತೀಯ ಮಾನಕ, ಅದು 2018ರಲ್ಲಿ ಪರಿಷ್ಕರಣೆ ಆಗಿದೆ. ನ್ಯೂಟ್ರಲ್‌ಗೆ ಎರಡು ಪಿಟ್, ಬಾಡಿಗೆ ಎರಡು ಪಿಟ್, ಹೀಗೆ ಡಿಜಿಗೆ ನಾಲ್ಕು ಪಿಟ್ ತೋಡುವುದು ನಮ್ಮ ಕಡೆ ರೂಢಿ. ಇಲ್ಲೂ ಹಾಗೇ ಇತ್ತು.

ಪ್ಯಾನೆಲ್‌ನವರ ಮೂರು ಪೋಲ್ ಕೂಡ ಗಾಳಿಯಿಂದ ಬಂದದ್ದಲ್ಲ. ಅಮೆರಿಕದ ಮನೆಗಳ ಜನರೇಟರ್ ವಿಡಿಯೋ ನೋಡಿ, ಅಲ್ಲಿ ಜನರೇಟರ್‌ನಲ್ಲಿ ನ್ಯೂಟ್ರಲ್-ಅರ್ಥ್ ಜೋಡಣೆ ತೆಗೆಯುತ್ತಾರಲ್ಲ ಎಂದು ನನ್ನನ್ನು ಕೇಳಿದವರು ಎಷ್ಟೋ ಜನ. ತೆಗೆಯುತ್ತಾರೆ, ನಿಜ. ಅಲ್ಲಿ ಮನೆಯ ಮುಖ್ಯ ಪ್ಯಾನೆಲ್‌ನಲ್ಲೇ ನ್ಯೂಟ್ರಲ್ಲನ್ನು ಅರ್ಥಿಂಗ್‌ಗೆ ಸೇರಿಸಿರುತ್ತಾರೆ. ಗೂಟ ಮನೆಯೊಳಗೇ ಇದೆ. ಚೇಂಜ್‌ಓವರ್ ನ್ಯೂಟ್ರಲ್ ಮುಟ್ಟದೇ ಇದ್ದರೆ ಜನರೇಟರ್ ಕೂಡ ಅದೇ ಗೂಟಕ್ಕೆ ಕಟ್ಟಿಕೊಳ್ಳುತ್ತದೆ, ಎರಡನೆಯದು ಬೇಡ. ಅಲ್ಲೂ ನ್ಯೂಟ್ರಲ್‌ಗೊಂದು ಪೋಲ್ ಹಾಕಿ ಅದನ್ನೂ ಬದಲಿಸಿದರೆ ಜನರೇಟರ್‌ಗೆ ತನ್ನದೇ ಜೋಡಣೆ ಬೇಕು. ತತ್ತ್ವ ಎಲ್ಲ ಕಡೆ ಒಂದೇ. ಆದರೆ ನಮ್ಮ ಎಲ್‌ಟಿ ಗ್ರಾಹಕನ ಗೂಟ ಇರುವುದು ರಸ್ತೆಯ ಟ್ರಾನ್ಸ್‌ಫಾರ್ಮರ್ ಹತ್ತಿರ. ನಮ್ಮ ಅರ್ಥ್ ಪಿಟ್ ಬಾಡಿಗಳಿಗೆ ಮಾತ್ರ. ನ್ಯೂಟ್ರಲ್ಲನ್ನು ನಾವು ಪ್ಯಾನೆಲ್‌ನಲ್ಲಿ ಅರ್ಥ್‌ಗೆ ಸೇರಿಸುವುದಿಲ್ಲ. ಇನ್ನೊಬ್ಬರ ಕೈಯಲ್ಲಿರುವ, ಯಾವತ್ತಾದರೂ ಬಿಚ್ಚಬಹುದಾದ ಗೂಟವನ್ನು ನಂಬಿ ನಮ್ಮ ಜನರೇಟರ್ ಓಡಿಸುವುದು ಹೇಗೆ? ಸ್ವಂತ ಟ್ರಾನ್ಸ್‌ಫಾರ್ಮರ್ ಅಂಗಳದಲ್ಲೇ ಇರುವ ಎಚ್‌ಟಿ (ಹೆಚ್ಚು ವೋಲ್ಟೇಜಿನ ಸಪ್ಲೈ ಪಡೆಯುವ) ಕಟ್ಟಡವಾದರೆ ಮೂರು ಪೋಲ್ ಬಗ್ಗೆ ವಾದ ಮಾಡಬಹುದು. ನಾನಂತೂ ಅಲ್ಲೂ ನಾಲ್ಕೇ ಹಾಕುತ್ತೇನೆ.

ನಾಲ್ಕು ಪೋಲ್ ಹಾಕಿ ಡಿಜಿ ಅರ್ಥಿಂಗ್ ಮರೆತರೆ? ಅದು ಇನ್ನೂ ಕೆಟ್ಟದ್ದು. ಟ್ರಿಪ್ ಇಲ್ಲ, ಶಾಕ್ ಇಲ್ಲ, ದೂರೂ ಇಲ್ಲ. ಪ್ರತಿ ಸಲ ಡಿಜಿ ಓಡುವಾಗಲೂ ತೇಲುತ್ತಲೇ ಇರುತ್ತದೆ. ಆರ್‌ಸಿಸಿಬಿಯ (ಲೀಕೇಜ್ ಆದರೆ ತಾನೇ ಬೀಳುವ ಸ್ವಿಚ್) ಟೆಸ್ಟ್ ಬಟನ್ ಒತ್ತಿದರೆ ಟಕ್ ಎಂದು ಬೀಳುತ್ತದೆ, ಯಾಕೆಂದರೆ ಆ ಬಟನ್ ಕೆಲಸ ಮಾಡುವುದು ಫೇಸ್ ಮತ್ತು ನ್ಯೂಟ್ರಲ್ ನಡುವೆ. ಅರ್ಥಿಂಗ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಬಟನ್ ಒತ್ತಿ ಸಹಿ ಹಾಕಿದ ಎಷ್ಟು ವರದಿ ಬೇಕು ನಿಮಗೆ?

ಮಾಡಿದ ಕೆಲಸ

ಹಳೇ ನಾಲ್ಕು ಪೋಲ್ ಸ್ವಿಚ್ ಸ್ಟೋರ್ ರೂಮಿನಲ್ಲಿ ಜಮಖಾನೆಗಳ ಕೆಳಗೆ ಇನ್ನೂ ಇತ್ತು. ಕಾಂಟ್ಯಾಕ್ಟ್ ಉಜ್ಜಿ, ಮಾರನೇ ದಿನ ಅದನ್ನೇ ಹಾಕಿ ಮೂರು ವಾರ ನಡೆಸಿದೆವು. ಅಣ್ಣನಿಗೆ ಮತ್ತೆ ಓಟ.

ಪ್ಯಾನೆಲ್‌ನವರು ಕೊನೆಗೂ ಒಪ್ಪಿ 160 ಆಂಪಿಯರ್ ಫೋರ್ ಪೋಲ್ ಆಟೋಮ್ಯಾಟಿಕ್ ಚೇಂಜ್‌ಓವರ್ ಹಾಕಿದರು. ಅವರದ್ದೊಂದು ಆಕ್ಷೇಪ ಇತ್ತು, ಅದು ಪೊಳ್ಳಲ್ಲ. ನ್ಯೂಟ್ರಲ್ ಪೋಲ್ ಸವೆದು ಅಥವಾ ಸಡಿಲಾಗಿ ಬಿಟ್ಟುಕೊಂಡರೆ, ಲೋಡ್ ಕಡಿಮೆ ಇರುವ ಫೇಸ್‌ಗೆ 400ರ ಹತ್ತಿರ ವೋಲ್ಟೇಜ್ ಹೋಗಿ ಟಿವಿ, ಆಂಪ್ಲಿಫೈಯರ್ ಎಲ್ಲ ಸುಟ್ಟುಹೋಗುತ್ತವೆ. ಹಾಗಾಗಿ ನ್ಯೂಟ್ರಲ್ ಪೋಲ್ ಅರ್ಧ ಗಾತ್ರದ್ದು ಬೇಡ, ಫೇಸ್‌ನಷ್ಟೇ ಇರಲಿ ಎಂದೆ. 46 ಆಂಪಿಯರ್ ಕಂಡಿದ್ದೆವಲ್ಲ. ಜೋಡಿಸುವಾಗ ನ್ಯೂಟ್ರಲ್ ಮೊದಲು ಸೇರಬೇಕು, ಬಿಡುವಾಗ ಕೊನೆಗೆ ಬಿಡಬೇಕು. ಆರು ತಿಂಗಳಿಗೊಮ್ಮೆ ಬೋಲ್ಟ್ ಬಿಗಿ ನೋಡುವುದು ಅಣ್ಣನ ಕೆಲಸಗಳ ಪಟ್ಟಿಗೆ ಸೇರಿತು.

ಡಿಜಿ ನ್ಯೂಟ್ರಲ್ ಪಟ್ಟಿ ಮತ್ತೆ ಸ್ಟಾರ್ ಪಾಯಿಂಟ್‌ಗೆ ಹೋಯಿತು. ಎರಡು ನ್ಯೂಟ್ರಲ್ ಪಿಟ್ ಸೇರಿ 1.8 ಓಮ್ ಬಂತು. ನ್ಯೂಟ್ರಲ್ ಪಿಟ್ಟೂ ಬಾಡಿ ಪಿಟ್ಟೂ ಬೇರೆ ಬೇರೆ ನಿಂತಿದ್ದವು, ನಡುವೆ ಮಣ್ಣು ಮಾತ್ರ. ಹಾಗಿದ್ದರೆ ಬಾಡಿಗೆ ಫೇಸ್ ತಾಗಿದಾಗ ಮಣ್ಣಿನ ಮೂಲಕ ಬರುವುದು ಕೆಲವು ಹತ್ತು ಆಂಪಿಯರ್ ಅಷ್ಟೇ. 125 ಆಂಪಿಯರ್‌ನ ಬ್ರೇಕರ್ ಅದನ್ನು ಲೋಡ್ ಎಂದೇ ತಿಳಿಯುತ್ತದೆ. ಎರಡನ್ನೂ ಪಟ್ಟಿ ಎಳೆದು ಸೇರಿಸಿದೆವು, ಈಗ ಕರೆಂಟ್ ಲೋಹದ ದಾರಿಯಲ್ಲೇ ವಾಪಸ್ ಬರುತ್ತದೆ. ಡಿಜಿ ಕಡೆಗೂ ಒಂದು ಲೀಕೇಜ್ ರಿಲೇ ಬಂತು. ಅದರ ರಿಂಗ್ ಮಾತ್ರ ನ್ಯೂಟ್ರಲ್ ಅರ್ಥಿಂಗ್ ಆದ ಜಾಗದಿಂದ ಮುಂದೆ, ಲೋಡ್ ಕಡೆಗೆ ಇರಬೇಕು. ಹಿಂದೆ ಹಾಕಿದರೆ ಹೋದದ್ದು ಬಂದದ್ದು ಎರಡೂ ಅದರೊಳಗೇ ಸುತ್ತಿ, ತಪ್ಪು ಕಾಣುವುದೇ ಇಲ್ಲ. ಅಡುಗೆಮನೆ ಸಾಕೆಟ್‌ಗಳಿಗೆ ಪ್ರತ್ಯೇಕವಾಗಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ.

ಕೊನೆಗೆ ಬಲ್ಬ್ ಪರೀಕ್ಷೆ. ಡಿಜಿ ಓಡಿಸಿ, ಫೇಸ್‌ನಿಂದ ಅರ್ಥಿಂಗ್ ಬಸ್‌ಬಾರ್‌ಗೆ 100 ವ್ಯಾಟ್‌ನ ಹಳೇ ಬಲ್ಬ್ ಹಿಡಿಯುವುದು. ತೇಲುವ ವ್ಯವಸ್ಥೆಯಲ್ಲಿ ಬಲ್ಬ್ ಉರಿಯುವುದಿಲ್ಲ. ಗೂಟ ಇದ್ದರೆ ಉರಿಯುತ್ತದೆ, 0.43 ಆಂಪಿಯರ್ ಎಳೆಯುತ್ತದೆ, 0.3ರ ರಿಲೇ ಬೀಳುತ್ತದೆ. ಮೂರೂ ಫೇಸ್‌ನಲ್ಲಿ ಹಿಡಿದೆ. ಮೂರು ಸಲವೂ ಬಲ್ಬ್ ಒಮ್ಮೆ ಮಿನುಗಿ ಛತ್ರ ಕತ್ತಲಾಯಿತು. ಇದು ಗ್ಲೌಸ್ ಹಾಕಿಕೊಂಡು, ಗೊತ್ತಿದ್ದವರು ಮಾಡುವ ಕೆಲಸ. ಮನೆಯಲ್ಲಿ ಆಟ ಆಡಬೇಡಿ. ಬದಲಾದ ಸಿಂಗಲ್ ಲೈನ್ ನಕ್ಷೆಯ ಒಂದು ಪ್ರತಿಯನ್ನು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದೆ. ನ್ಯೂಟ್ರಲ್ ಅರ್ಥಿಂಗ್ ಇರುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ‘ಇದನ್ನು ಬಿಚ್ಚುವ ಮುಂಚೆ ಫೋನ್ ಮಾಡಿ’ ಎಂದು ನನ್ನ ನಂಬರ್ ಬರೆದೆ.

ಫೋನ್ ಬಂತು, ಎರಡು ತಿಂಗಳ ಮೇಲೆ. ಬಿಚ್ಚುವುದಕ್ಕಲ್ಲ.

“ಸಾರ್, ಅಡುಗೆಮನೆ ಮಾತ್ರ ಟ್ರಿಪ್ ಆಗ್ತಿದೆ. ಹಾಲ್ ಎಲ್ಲ ಸರಿ ಇದೆ. ಬೆಸ್ಕಾಂನಲ್ಲೂ ಬೀಳುತ್ತೆ, ಡಿಜಿನಲ್ಲೂ ಬೀಳುತ್ತೆ.”

“ಇವತ್ತು ಅಡುಗೆ ಯಾರದ್ದು?”

ಅದೇ ಭಟ್ಟರು. ಅದೇ ಗ್ರೈಂಡರ್. ಕೇಬಲ್ ಮೇಲೆ ಇನ್ಸುಲೇಶನ್ ಟೇಪ್ ಸುತ್ತಿಕೊಂಡು ಮತ್ತೆ ಬಂದಿತ್ತು. ಮ್ಯಾನೇಜರ್ ಕೈಯಿಂದ ಫೋನ್ ಇಸಕೊಂಡು ಭಟ್ಟರೇ ಮಾತಾಡಿದರು.

“ಏನ್ ಸ್ವಾಮಿ ನಿಮ್ಮ ಛತ್ರ! ಬೆಂಗಳೂರಿನ ಯಾವ ಛತ್ರಕ್ಕೆ ಹೋದ್ರೂ ಈ ಗ್ರೈಂಡರ್ ಓಡುತ್ತೆ. ಇಲ್ಲೊಂದೇ ಕಡೆ ಓಡಲ್ಲ ನೋಡಿ.”